ಸವತಿಗೊಂದು ಅಂಗಿ

ಕುರಿಮಾವನಿಗೆ ಹೆಂಡತಿ ಒಬ್ಬಳೇ. ಆದರೆ ಆಕೆಯನ್ನು ಕೇಳಿದರೆ ಲೆಕ್ಕ ಬೇರೆ. "ನಮ್ಮ ಯಜಮಾನರಿಗೆ ಇಬ್ಬರು. ಮನೇಲಿ ನಾನು, ಕೆಲಸದ ಜಾಗದಲ್ಲಿ ನನ್ನ ಸವತಿ" ಎಂದು ಬಟ್ಟೆ ಹೊಲಿಸಲು ಬಂದ ಹೊಸಬರಿಗೂ ಹೇಳಿ, ಅವರು ಕಣ್ಣು ಕಣ್ಣು ಬಿಡುವುದನ್ನು ನೋಡಿ ಖುಷಿಪಡುತ್ತಿದ್ದಳು. ಸವತಿಗೆ ನಾಲ್ಕು ಕಾಲು, ಮೈತುಂಬ ಉಣ್ಣೆ ಎಂಬುದನ್ನು ಕೊನೆಗೆ ಹೇಳುವಳು. ಕೆಲವೊಮ್ಮೆ ಹೇಳದೆಯೇ ಕಳಿಸಿಬಿಡುವಳು.

ಕುರಿಮಾವನ ಕೆಲಸ ದೊಡ್ಡ ಆಸ್ಪತ್ರೆಯೊಂದರ ಸಂಶೋಧನಾ ವಿಭಾಗದಲ್ಲಿ. ಸಂಶೋಧನೆ ಎಂದ ಕೂಡಲೇ ಬಿಳಿ ಕೋಟು, ಗಾಜಿನ ಬಾಗಿಲು ನೆನೆಸಿಕೊಳ್ಳಬೇಡಿ; ಅದೆಲ್ಲ ಮುಂಭಾಗದಲ್ಲಿ. ಜನರೇಟರ್ ಶೆಡ್ಡು ದಾಟಿ ಹಿಂದಕ್ಕೆ ಹೋದರೆ ತಗಡಿನ ಚಾವಣಿಯ ಒಂದು ದೊಡ್ಡಿ ಇದೆ, ಅದರಲ್ಲಿ ಆರು ಕುರಿಗಳು. ಅವುಗಳಿಗೆ ಮೇವು, ನೀರು, ನೆಕ್ಕಲು ಉಪ್ಪಿನ ಗಡ್ಡೆ ಇಡುವವನೂ ಇವನೇ, ಕಿವಿಯ ಸಂದಿಯಲ್ಲಿ ಉಣ್ಣೆಹುಳ ಹುಡುಕುವವನೂ ಇವನೇ. ರಕ್ತ ಬೇಕಾದ ದಿನ ಪಶುವೈದ್ಯರು ಬರುತ್ತಾರೆ. ಕುರಿಮಾವ ಕೊರಳ ಪಕ್ಕದ ಉಣ್ಣೆ ಕತ್ತರಿಸಿ, ಸ್ಪಿರಿಟ್ಟು ಒರೆಸಿ, ಕುರಿಯ ಗದ್ದ ಎತ್ತಿ ಹಿಡಿದು ಏನೋ ಲೋಕಾಭಿರಾಮ ಮಾತಾಡುತ್ತಾನೆ. ಅಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಸೂಜಿ ಕಂಡರೆ ಐದು ಕುರಿಗಳು ಮೂಲೆ ಸೇರುತ್ತವೆ. ಬೆಳ್ಳಿ ಮಾತ್ರ ತಾನೇ ಬಂದು ಅವನ ಮೊಣಕಾಲಿಗೆ ಗದ್ದ ಆನಿಸಿ ನಿಲ್ಲುತ್ತಾಳೆ. ಸವತಿ ಎಂದರೆ ಇವಳೇ.

ರಕ್ತದ ಸೀಸೆಯನ್ನು ಕುಲುಕದಂತೆ ಹಿಡಿದು ಲ್ಯಾಬಿಗೆ ಮುಟ್ಟಿಸುವುದೂ ಅವನ ಕೆಲಸ. ಲ್ಯಾಬಿನ ಮೇಡಂ ಅದರ ಕೆಂಪು ಕಣಗಳನ್ನು ತೊಳೆದು ಸಣ್ಣ ಟ್ಯೂಬುಗಳಿಗೆ ಹಾಕಿ, ಒಂದೊಂದಕ್ಕೂ ಒಬ್ಬೊಬ್ಬ ರೋಗಿಯ ರಕ್ತದಿಂದ ತೆಗೆದ ತಿಳಿಯನ್ನು ಬೆರೆಸಿ ಬೆಚ್ಚಗಿಡುತ್ತಾರೆ. ಕಣಗಳು ಒಡೆದರೆ ಟ್ಯೂಬಿನ ನೀರೆಲ್ಲ ಪಾರದರ್ಶಕ ಕೆಂಪಾಗಿ ಹೊಳೆಯುತ್ತದೆ. ಒಡೆಯದಿದ್ದರೆ ಅಂಗಿಯ ಗುಂಡಿಯಂತೆ ಒತ್ತಾಗಿ ತಳದಲ್ಲಿ ಕೂರುತ್ತವೆ. "ಇವತ್ತು ಬೆಳ್ಳಿ ಚೆನ್ನಾಗಿ ಒಡೆದಳು ಮಾವ" ಎಂದು ಮೇಡಂ ಹೇಳಿದ ದಿನ ಅವನು ಮೀಸೆ ತಿರುವಿಕೊಂಡು ಮನೆಗೆ ಹೋಗುತ್ತಿದ್ದ. ಯಾತಕ್ಕೆ ಒಡೆಯಬೇಕು ಎಂದು ಅವನು ಕೇಳಿದವನಲ್ಲ. ಮಗಳು ಪಾಸಾದಳು ಎಂದರೆ ಸಾಕು, ಪ್ರಶ್ನೆಪತ್ರಿಕೆ ಯಾರಿಗೆ ಬೇಕು?

ಮನೆಯಲ್ಲಿ ಹೆಂಡತಿ ಶಾಲೆಯ ಮಕ್ಕಳ ಯೂನಿಫಾರಂ ಹೊಲಿಯುತ್ತಿದ್ದಳು. ಹೊಲಿಗೆ ಯಂತ್ರ ಓಡುತ್ತಿದ್ದಷ್ಟು ಹೊತ್ತೂ ಅವಳ ಬಾಯಿಯೂ ಓಡುತ್ತಿತ್ತು. "ಸವತಿ ವಾಸನೆ ಹೊತ್ಕೊಂಡು ಒಳಗೆ ಬರಬೇಡಿ, ಮೊದಲು ಕೈಕಾಲು ತೊಳ್ಕೊಳ್ಳಿ" ಎಂಬುದು ಅವನಿಗೆ ದಿನಾ ಸಂಜೆಯ ಸ್ವಾಗತ. ಒಂದು ಬೆಳಿಗ್ಗೆ ಅವಳ ಮುಖ ಊದಿಕೊಂಡಿತ್ತು, ಬೆರಳಿನ ಉಂಗುರ ಕಳಚಲಾಗಲಿಲ್ಲ. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿತು. ಸಂಜೆ ಅವನು ಕೈಕಾಲು ತೊಳೆಯದೆಯೇ ಒಳಗೆ ಬಂದರೂ ಅವಳು ಏನೂ ಅನ್ನಲಿಲ್ಲ. ಉಂಗುರಕ್ಕೆ ಹೆದರದವನು ಆ ಮೌನಕ್ಕೆ ಹೆದರಿ, ಅವಳನ್ನು ತನ್ನ ಆಸ್ಪತ್ರೆಗೇ ಸೇರಿಸಿದ.

ಕಿಡ್ನಿ ಡಾಕ್ಟರು ಸಮಾಧಾನದ ಮನುಷ್ಯ. ಹಾಸಿಗೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತು ಹೇಳಿದರು. "ನಮ್ಮ ರಕ್ತದಲ್ಲಿ ಕಾಂಪ್ಲಿಮೆಂಟ್ ಅಂತ ಒಂದಿಷ್ಟು ಪ್ರೋಟೀನುಗಳ ಗುಂಪು ಇರುತ್ತೆ. ರೋಗಾಣು ಕಂಡರೆ ಒಂದು ಇನ್ನೊಂದನ್ನ ಎಬ್ಬಿಸಿ, ಎಲ್ಲಾ ಸೇರಿ ಅದಕ್ಕೆ ತೂತು ಕೊರೆದುಹಾಕುತ್ವೆ. ಕೆಲಸ ಮುಗಿದ ಮೇಲೆ ಸುಮ್ಮನಾಗಬೇಕು. ಇವರಲ್ಲಿ ಸುಮ್ಮನಾಗ್ತಿಲ್ಲ. ಕಿಡ್ನಿಯ ಸಣ್ಣ ರಕ್ತನಾಳಗಳಿಗೇ ಕೈ ಹಾಕಿವೆ."

"ಅಂದ್ರೆ ಬೇಲೀನೇ ಎದ್ದು ಹೊಲ ಮೇದ ಹಾಗೆ" ಎಂದ ಕುರಿಮಾವ.

"ಅಷ್ಟೇ ನೋಡಿ. ಬೇಲೀನ ಕಟ್ಟಿಹಾಕೋ ಔಷಧಿ ಒಂದಿದೆ, ಅದರ ಅಧ್ಯಯನ ಇಲ್ಲೇ ನಡೀತಿದೆ. ಮೊದಲು ಲಸಿಕೆ ಹಾಕ್ತೀವಿ, ಬೇಲಿ ಕಟ್ಟಿಹಾಕಿದಾಗ ಕಳ್ಳರು ನುಗ್ಗಬಾರದಲ್ಲ. ಔಷಧಿ ಹಿಡೀತೋ ಇಲ್ವೋ ಅಂತ ಲ್ಯಾಬಿನ ಪರೀಕ್ಷೆ ಹೇಳುತ್ತೆ. ಹಿಡಿದರೆ ಕಿಡ್ನಿ ಚೇತರಿಸಿಕೊಳ್ಳೋ ಆಸೆ ಇಟ್ಟುಕೊಳ್ಳಬಹುದು. ಇಲ್ಲಾಂದ್ರೆ ಡಯಾಲಿಸಿಸ್ ಬಗ್ಗೆ ಯೋಚಿಸಬೇಕಾಗುತ್ತೆ."

ಆ ಪರೀಕ್ಷೆಗೆ ಬೇಕಾದದ್ದು ಬೆಳ್ಳಿಯ ರಕ್ತ ಎಂದು ಮೇಡಂ ಹೇಳಿದಾಗ ಕುರಿಮಾವನಿಗೆ ಹೋದ ಜೀವ ಬಂದಂತಾಯಿತು. ಬೇರೆ ಯಾರದೋ ಕೈಯಲ್ಲಲ್ಲ, ತನ್ನ ಬೆಳ್ಳಿಯ ಕೈಯಲ್ಲೇ ಇದೆ ಎಲ್ಲ. ಅವಳ ಮೈ ಬಾಚಿದ, ಎಳೆಯ ಹುಲ್ಲನ್ನೇ ಆರಿಸಿ ಹಾಕಿದ. ಸೂಜಿ ಚುಚ್ಚುವಾಗ ಕಿವಿಯಲ್ಲಿ, "ನನ್ನ ಮಾನ ಕಾಪಾಡವ್ವ, ಚೆನ್ನಾಗಿ ಒಡಿ" ಎಂದ. ಬೆಳ್ಳಿ ಎಂದಿನಂತೆ ಅವನ ಅಂಗಿಯ ತುದಿ ಅಗಿಯುತ್ತ ನಿಂತಿದ್ದಳು.

ಲಸಿಕೆಯಾಗಿ, ಔಷಧಿಯೂ ಶುರುವಾದ ಮೇಲೆ ಬಂದ ಪರೀಕ್ಷೆಯ ದಿನ ಅವನಿಗೆ ದೊಡ್ಡಿಯಲ್ಲಿ ನಿಲ್ಲಲಾಗಲಿಲ್ಲ. ಲ್ಯಾಬಿನ ಬಾಗಿಲಲ್ಲಿ ಇಣುಕಿದ. ಮೇಡಂ ಯಾರೊಡನೆಯೋ ಫೋನಿನಲ್ಲಿದ್ದರು; ಇವನನ್ನು ಕಂಡು ಸ್ಟ್ಯಾಂಡಿನ ತುದಿಯ ಟ್ಯೂಬಿನತ್ತ ಬೆರಳು ಮಾಡಿ ತೋರಿಸಿದರು. ಸಾಲಿನಲ್ಲಿದ್ದ ಬೇರೆಯವರ ಟ್ಯೂಬುಗಳೆಲ್ಲ ತಿಳಿಗೆಂಪಾಗಿ ಹೊಳೆಯುತ್ತಿದ್ದವು. ತುದಿಯದರಲ್ಲಿ ಮಾತ್ರ ನೀರು ಬಣ್ಣವಿಲ್ಲದೆ ತಿಳಿಯಾಗಿತ್ತು, ತಳದಲ್ಲಿ ಕೆಂಪು ಗುಂಡಿ ಗಟ್ಟಿಯಾಗಿ ಕೂತಿತ್ತು. ಇಷ್ಟು ವರ್ಷ ಆ ಗುಂಡಿ ಕಂಡಾಗಲೆಲ್ಲ ಮೇಡಂ ತಲೆ ಚಚ್ಚಿಕೊಂಡು ಮತ್ತೆ ಮೊದಲಿಂದ ಶುರುಮಾಡುವುದನ್ನೇ ಅವನು ನೋಡಿದ್ದ. ಮಾತು ಕೇಳಲು ನಿಲ್ಲದೆ ತಿರುಗಿ ನಡೆದುಬಿಟ್ಟ.

ದೊಡ್ಡಿಗೆ ಬಂದವನು ಬೆಳ್ಳಿಯ ಎದುರು ಕುಕ್ಕರುಗಾಲಲ್ಲಿ ಕೂತ. ಎಲ್ಲರ ಟ್ಯೂಬಿನಲ್ಲೂ ಒಡೆದವಳು ತನ್ನ ಹೆಂಡತಿಯ ಟ್ಯೂಬಿನಲ್ಲಿ ಮಾತ್ರ ಒಡೆಯಲಿಲ್ಲ. ಕಾರಣ ಅವನಿಗೆ ಸ್ಪಷ್ಟವಾಗಿತ್ತು.

"ಸೇಡು ತೀರಿಸ್ಕೊಂಡೆ ಅಲ್ವಾ? ಅವಳು ಸವತಿ ಅಂದಿದ್ದು ತಮಾಷೆಗೆ ಕಣೇ. ಬಾಯಿ ಜೋರು, ಮನಸ್ಸು ಬೆಣ್ಣೆ. ನಿನಗೆ ಮೈ ಬೆಚ್ಚಗಿದ್ದಾಗ 'ನಮ್ಮ ಯಜಮಾನರಿಗೆ ಎರಡು ದಿನ ನಿದ್ದೆ ಇರಲಿಲ್ಲ' ಅಂತ ಎಲ್ಲರ ಹತ್ರ ಹೇಳ್ಕೊಂಡಿದ್ದಳು. ಅದನ್ನ ಬೈಗುಳ ಅಂತಾರೇನೇ? ಇಷ್ಟು ವರ್ಷ ಮೇವು ಹಾಕಿದ ಕೈಗೆ ಹೀಗಾ ಮಾಡೋದು?"

ಬೆಳ್ಳಿ ಅವನ ಮೊಣಕಾಲಿನ ಮೇಲೆ ಗದ್ದ ಇಟ್ಟಳು. ಕುರಿಮಾವನಿಗೆ ಅಳು ತಡೆಯಲಾಗಲಿಲ್ಲ.

ಹಿಂದೆಯೇ ಓಡಿ ಬಂದಿದ್ದ ಮೇಡಂ ಇದನ್ನೆಲ್ಲ ಬೇಲಿಯ ಆಚೆಯಿಂದಲೇ ಕೇಳಿಸಿಕೊಂಡರು. ಮೊದಲು ಬಾಯಿಗೆ ಕೈ ಅಡ್ಡ ಹಿಡಿದರು, ಆಮೇಲೆ ನಗು ಅವರ ಕೈ ಮೀರಿತು.

"ಮಾವ, ಅವಳನ್ನ ಬೈಬೇಡಿ. ನಿಮ್ಮನೆಯವರ ಟ್ಯೂಬಲ್ಲಿ ಒಡೀಬಾರದು. ಉಳಿದವರಿಗೆ ಇನ್ನೂ ಔಷಧಿ ಕೊಟ್ಟಿಲ್ಲ, ಅದಕ್ಕೇ ಅವರದರಲ್ಲಿ ಒಡೆದಿದೆ. ಔಷಧಿಗೆ ಮುಂಚೆ ಇದೇ ಬೆಳ್ಳಿ ರಕ್ತ ಅವರ ಟ್ಯೂಬಲ್ಲಿ ಚೆನ್ನಾಗಿ ಒಡೆದಿತ್ತು. ಕುರಿ ಕಣಕ್ಕೆ ತೂತು ಕೊರೆಯೋದೂ ಅದೇ ಕಾಂಪ್ಲಿಮೆಂಟೇ, ಕಿಡ್ನಿ ಕೆಡಿಸಿದ್ದೂ ಅದೇ. ಈಗ ಅದಕ್ಕೆ ಕೊರೆಯೋಕೆ ಆಗ್ಲಿಲ್ಲ, ಅದಕ್ಕೇ ಕಣಗಳು ಹಾಗೇ ಕೂತಿವೆ."

"ಅಂದ್ರೆ ಬೇಲಿ..."

"ಬೇಲಿಗೆ ಕಟ್ಟು ಬಿತ್ತು ಮಾವ. ಔಷಧಿ ಹಿಡಿದಿದೆ."

ಕುರಿಮಾವ ಮೇವಿನ ಮೂಟೆಯ ಮೇಲೆ ಕುಸಿದು ಕೂತ. ಅತ್ತ, ನಕ್ಕ, ಮತ್ತೆ ಅತ್ತ. ಆರೂ ಕುರಿಗಳಿಗೆ ಎರಡೆರಡು ಪಾಲು ಮೇವು ಹಾಕಿಬಿಟ್ಟು, ಪಶುವೈದ್ಯರಿಂದ ಬೈಸಿಕೊಂಡ. ಅಷ್ಟು ಸಿಹಿಯಾದ ಬೈಗುಳವನ್ನು ಅವನು ಅಲ್ಲಿಯವರೆಗೆ ತಿಂದಿರಲಿಲ್ಲ.

ವಾರ್ಡಿಗೆ ಹೋಗಿ ಎಲ್ಲವನ್ನೂ ಹೆಂಡತಿಗೆ ಹೇಳಿದ, ದೊಡ್ಡಿಯಲ್ಲಿ ಅತ್ತದ್ದನ್ನೂ ಬಿಡದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು. ಎಷ್ಟೋ ದಿನಗಳ ಮೇಲೆ ಅವಳ ತುಟಿಯ ಮೂಲೆ ಅಲುಗಿತು.

"ಅಂದ್ರೆ ನನ್ನ ಸವತಿ ಸುಮ್ಮನೆ ಕೂತಿದ್ದಕ್ಕೆ ನಾನು ಉಳ್ಕೊಂಡೆ ಅನ್ನಿ. ನಿಮಗೆ ಯಾವತ್ತಾದ್ರೂ ಹಾಗೆ ಸುಮ್ಮನೆ ಕೂತು ಗೊತ್ತಾ?"

ಆ ಮಾತು ಕೇಳಿ ಅವನಿಗೆ ಲ್ಯಾಬಿನ ಟ್ಯೂಬಿಗಿಂತ ಹೆಚ್ಚು ಧೈರ್ಯ ಬಂತು.

ಊತ ಇಳಿಯಿತು, ಉಂಗುರ ಬೆರಳಲ್ಲಿ ಸಡಿಲವಾಗಿ ತಿರುಗತೊಡಗಿತು. ಔಷಧಿಗೆಂದು ಆಸ್ಪತ್ರೆಗೆ ಹೋಗಿಬರುವುದು ತಪ್ಪಲಿಲ್ಲ, ಆದರೆ ಹೊಲಿಗೆ ಯಂತ್ರದ ಮೇಲಿನ ಮುಸುಕು ತೆಗೆದದ್ದಾಯಿತು. ಚಳಿ ಶುರುವಾದಾಗ, ಔಷಧಿ ಹಾಕಿಸಿಕೊಂಡ ಒಂದು ದಿನ ಅವಳು ಮನೆಯ ದಾರಿ ಹಿಡಿಯದೆ ಜನರೇಟರ್ ಶೆಡ್ಡಿನ ಕಡೆ ತಿರುಗಿದಳು. ಮದುವೆಯಾದಾಗಿನಿಂದ ಅವಳು ಆ ದೊಡ್ಡಿಯೊಳಗೆ ಕಾಲಿಟ್ಟವಳಲ್ಲ. ಮೂಗು ಹಿಡಿದುಕೊಂಡೇ ಒಳಗೆ ಬಂದು ಆರೂ ಕುರಿಗಳನ್ನು ನೋಡಿದಳು. ಸವತಿ ಯಾರೆಂದು ಕೇಳಲಿಲ್ಲ. ಬೆಳ್ಳಿಯ ಕೊರಳಲ್ಲಿ ಉಣ್ಣೆ ಕತ್ತರಿಸಿದ ಬೋಳು ಜಾಗವನ್ನು ಕಂಡು ಅಲ್ಲೇ ನಿಂತಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಇಷ್ಟು ಚಳೀಲಿ ಕೊರಳು ಬಿಟ್ಟು ನಿಲ್ಲಿಸಿದ್ದೀರಲ್ಲ, ಮನುಷ್ಯರೇನ್ರೀ ನೀವು?"

ಚೀಲದಿಂದ ಅಳತೆ ಟೇಪು ಹೊರಬಂತು. ಯೂನಿಫಾರಂ ಬಟ್ಟೆಯ ದಪ್ಪ ತುಂಡೊಂದು ಚೀಲದಲ್ಲಿ ಮೊದಲೇ ಇತ್ತು. ಬೆನ್ನು ಅಳೆದಳು, ಎದೆ ಅಳೆದಳು. ಬೆಳ್ಳಿ ಎರಡು ಹೆಜ್ಜೆ ಮುಂದೆ ಬಂದು ಅವಳ ಮೊಣಕಾಲಿಗೆ ಗದ್ದ ಆನಿಸಿದಳು. ಟೇಪು ಹಿಡಿದ ಕೈ ಸ್ವಲ್ಪ ಹೊತ್ತು ಆ ಬೋಳು ಜಾಗದ ಮೇಲೆಯೇ ಇತ್ತು.

"ಗದ್ದ ಎತ್ತು ತಂಗಿ" ಎಂದಳು ಅವಳು. "ಕೊರಳಿನ ಅಳತೆ ತಗೋಬೇಕು."

ಕುರಿಮಾವ ನೀರು ತರುತ್ತೇನೆಂದು ಬಕೆಟ್ಟು ಎತ್ತಿಕೊಂಡು ಹೊರಗೆ ನಡೆದ. ಬಕೆಟ್ಟಿನ ತುಂಬ ಆಗಲೇ ನೀರಿತ್ತು.