ಅಪ್ಪ ಹೊಲಿದ ಹಾಯಿ ಪರಕರ

ನಾನು ಚಿಕ್ಕವಳಿದ್ದಾಗ ನನಗಿದ್ದ ದೊಡ್ಡ ಕಷ್ಟವೆಂದರೆ, ನಾನು ಚಿಕ್ಕವಳಂತೆ ಕಾಣುತ್ತಲೇ ಇರಲಿಲ್ಲ. ನಗಬೇಡಿ ಮಕ್ಕಳೇ, ಅದು ನಿಜವಾಗಿಯೂ ಕಷ್ಟ. ನಾಲ್ಕನೆಯ ಇಯತ್ತೆಗೆ ಬರುವಷ್ಟರಲ್ಲಿ ನಾನು ದೋಣಿ ತಳ್ಳುವ ಗಳದ ಹಾಗೆ ಉದ್ದವಾಗಿಬಿಟ್ಟಿದ್ದೆ. ನೀವು ಕ್ಲಾಸು ಎನ್ನುವುದನ್ನು ನಾವು ಇಯತ್ತೆ ಎನ್ನುತ್ತಿದ್ದೆವು. ಹೋದ ವರ್ಷದ ಫ್ರಾಕು ಮೊಣಕಾಲು ಬಿಟ್ಟು ಮೇಲೆ ಮೇಲೆ ಹತ್ತುತ್ತಿತ್ತು. ಕೈ ಎತ್ತಿದರೆ ಸಾಕು, ಕಂಕುಳಲ್ಲಿ ಚರ್ ಎಂದು ಹೊಲಿಗೆ ಬಿಡುತ್ತಿತ್ತು.

ಹೊಸದು ತರೋಣವೆಂದರೆ ಅದೂ ಸುಲಭವಿರಲಿಲ್ಲ. ನಮ್ಮ ಹೊಳನಗದ್ದೆಯಿಂದ ಕುಮಟೆ ಪೇಟೆಗೆ ಅಪ್ಪ ನನ್ನನ್ನು ನಡೆಸಿಕೊಂಡು ಹೋದ. ಅಂಗಡಿಯಲ್ಲಿ ಹೊಸ ಬಟ್ಟೆಯ ಗಂಜಿಯ ವಾಸನೆ ಘಮ್ಮೆನ್ನುತ್ತಿತ್ತು. ಒಂದು ಕಡೆ ಪುಟ್ಟ ಮಕ್ಕಳ ಲೇಸಿನ ಫ್ರಾಕುಗಳು ತೂಗುತ್ತಿದ್ದವು, ಇನ್ನೊಂದು ಕಡೆ ಸೀರೆಗಳ ರಾಶಿ ಇತ್ತು. ನಡುವಿನವರಿಗೆ ಏನೂ ಇಲ್ಲ. ಅಂಗಡಿಯವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಈ ತಂಗಿಗೆ ಆಗೂದು ನಮ್ಮಲ್ಲಿ ಎಂತದೂ ಇಲ್ಲ. ಬಟ್ಟೆ ಕೊಟ್ಟು ಹೊಲಿಸೂದೇ ಸೈ" ಎಂದರು. ಬಟ್ಟೆ ಮನೆಯಲ್ಲೇ ಇತ್ತು. ದರ್ಜಿಯ ಹತ್ತಿರ ಹೋದರೆ ಅವರ ಮಷಿನ್ನಿನ ಸುತ್ತ ಮದುವೆಮನೆಗಳ ಬಟ್ಟೆ ಗುಡ್ಡೆ ಬಿದ್ದಿತ್ತು. "ಗ್ಯಾದರಿಂಗ್ ಆದ್ಮೇಲೆ ಬನ್ನಿ" ಎಂದುಬಿಟ್ಟರು.

ಗ್ಯಾದರಿಂಗ್ ಆದ ಮೇಲೆ ಹೊಲಿಸಿ ನಾನೇನು ಮಾಡಲಿ? ಗ್ಯಾದರಿಂಗ್ ಎಂದರೆ ಶಾಲೆಯ ವಾರ್ಷಿಕೋತ್ಸವ, ಅದರಲ್ಲಿ ನಾನು ಕೋಲಾಟಕ್ಕೆ ನಿಲ್ಲುವವಳು. ಹುಡುಗಿಯರೆಲ್ಲ ಪರಕರ, ಪೋಲಕ ಹಾಕಿಕೊಂಡೇ ಬರಬೇಕೆಂದು ನಮ್ಮ ಅಕ್ಕೋರು ಹೇಳಿದ್ದರು. ಅಕ್ಕೋರು ಎಂದರೆ ಟೀಚರು. ಪರಕರ ಎಂದರೆ ಉದ್ದ ಲಂಗ, ಪೋಲಕ ಎಂದರೆ ಅದರ ಮೇಲಿನ ಕುಪ್ಪಸ. ಪೋಲಕವನ್ನು ಆಯಿ ಹೇಗೋ ಹೊಂದಿಸಿದ್ದಳು, ಆಯಿ ಎಂದರೆ ನನ್ನ ತಾಯಿ. ಪರಕರ ಮಾತ್ರ ಇರಲಿಲ್ಲ. ಅಕ್ಕನ ಹಳೆಯ ಪರಕರಗಳೆಲ್ಲ ಎಂದೋ ತಲೆದಿಂಬಿನ ಚೀಲಗಳಾಗಿದ್ದವು.

ಅಜ್ಜಿಯ ಹತ್ತಿರ ಇದಕ್ಕೆ ಉತ್ತರ ಸಿದ್ಧವಿತ್ತು. "ಅಕ್ಕನ ಸೀರೆ ಉಡ್ಸಿ. ಇಷ್ಟುದ್ದ ಬೆಳೆದದೆ, ಇನ್ನು ಓಡೂದು, ಮರ ಹತ್ತೂದು, ಕೋಲಾಟ ಎಲ್ಲ ಸಾಕು" ಎಂದಳು. ಅಕ್ಕ ಸೀರೆ ಉಟ್ಟ ದಿನದಿಂದ ಸಮುದ್ರದ ದಂಡೆಗೆ ಓಡಿದ್ದನ್ನು ನಾನು ನೋಡಿರಲಿಲ್ಲ. ಸೀರೆ ಉಡುವುದಕ್ಕೆ ನನಗೆ ಬೇಜಾರಿರಲಿಲ್ಲ. ಅದನ್ನು ಉಟ್ಟ ಕೂಡಲೇ ಆಟ ಮುಗಿಯಿತಲ್ಲ, ಅದಕ್ಕೆ ಅಳು ಬಂತು. ಎಲ್ಲರೂ ನನ್ನ ಕಾಲಿನ ಉದ್ದ ನೋಡುತ್ತಿದ್ದರು, ವಯಸ್ಸು ಯಾರಿಗೂ ಕಾಣುತ್ತಿರಲಿಲ್ಲ.

ಗ್ಯಾದರಿಂಗಿನ ದಿನ ಬೆಳಗಾಯಿತು. ನಾನು ಹಿತ್ತಿಲ ತೆಂಗಿನಮರದ ಬುಡದಲ್ಲಿ ಕುಳಿತು ಮೂಗು ಒರೆಸಿಕೊಳ್ಳುತ್ತಿದ್ದೆ. ಅಪ್ಪ ಬಂದು ನೋಡಿದವನು ಸೀದಾ ಒಳಗೆ ಹೋದ. ತಿರುಗಿ ಬಂದಾಗ ಅವನ ಕೈಯಲ್ಲಿ ಭಟ್ಕಳದಿಂದ ತಂದಿದ್ದ ಹಸಿರು ಬಟ್ಟೆ ಇತ್ತು, ಬಿಳಿ ಚುಕ್ಕೆಯದು. ಇನ್ನೊಂದು ಕೈಯಲ್ಲಿ ಅವನ ಹಾಯಿ ಹೊಲಿಯುವ ಡಬ್ಬಿ.

ಅಪ್ಪ ಮಚವೆಯಲ್ಲಿ ದುಡಿಯುವ ಖಲಾಸಿಯಾಗಿದ್ದ. ಮಚವೆ ಎಂದರೆ ಹಾಯಿ ಕಟ್ಟಿದ ದೊಡ್ಡ ದೋಣಿ. ಹಂಚು, ಉಪ್ಪು, ತೆಂಗಿನಕಾಯಿ ತುಂಬಿಕೊಂಡು ಮುಂಬೈವರೆಗೂ ಹೋಗುತ್ತಿತ್ತು. ಅದರ ಹಾಯಿ ಹರಿದರೆ ಹೊಲಿಯುವವನು ಅಪ್ಪನೇ. "ಮುಂಬೈಗೆ ಹೋಗಿ ಬರೂ ಹಾಯಿ ಹೊಲಿದವ ನಾನು. ಒಂದು ಪರಕರ ಎಂತ ದೊಡ್ಡದು?" ಎಂದು ಜಗಲಿಯಲ್ಲಿ ಕಾಲು ಚಾಚಿ ಕುಳಿತೇಬಿಟ್ಟ.

ಅವನ ಸೂಜಿ ನನ್ನ ಬೆರಳಿಗಿಂತ ಉದ್ದವಿತ್ತು. ದಾರಕ್ಕೆ ಜೇನುಮೇಣ ತಿಕ್ಕಿದ. ಮೇಣದ ಸಿಹಿ ವಾಸನೆಯೂ ಡಬ್ಬಿಯೊಳಗಿನ ಮೀನೆಣ್ಣೆಯ ವಾಸನೆಯೂ ಸೇರಿ ಜಗಲಿಯೆಲ್ಲ ತುಂಬಿಕೊಂಡಿತು. ಟೇಪು ಅವನಿಗೆ ಬೇಕಿರಲಿಲ್ಲ, ಗೇಣು ಹಾಕಿಯೇ ಅಳೆದ. ಸೊಂಟದಲ್ಲಿ ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ಮಾತ್ರ ಬಟ್ಟೆಯನ್ನು ಧಾರಾಳವಾಗಿ ಸಡಿಲ ಬಿಟ್ಟ. ಆಯಿ ಅಡುಗೆಮನೆಯ ಬಾಗಿಲಿನಿಂದ ಕೇಳಿದಳು, "ಅಲ್ಲಿ ಅಷ್ಟು ಸಡಿಲ ಎಂತಕ್ಕೆ?"

"ಬಿಗಿ ಆದ್ರೆ ಗಾಳಿ ಹಿಡಿಯೂದಿಲ್ಲ" ಎಂದ ಅಪ್ಪ, ತಲೆ ಎತ್ತದೆ.

"ಅವ್ಳು ಮುಂಬೈಗೆ ಹೋಗೂದಲ್ಲ, ಶಾಲೆಗೆ ಹೋಗೂದು!" ಎಂದು ಆಯಿ ನಕ್ಕಳು. ಅಪ್ಪನ ಕೈ ಅಭ್ಯಾಸ ಬಿಡಲಿಲ್ಲ.

ಉದ್ದದ ವಿಷಯಕ್ಕೆ ಬಂದಾಗ ಜಗಳವೇ ಆಯಿತು. ಪಾದ ಮುಚ್ಚಬೇಕು ಎಂದು ಅಜ್ಜಿ. ಕೋಲಾಟದಲ್ಲಿ ಕಾಲಿಗೆ ತೊಡರಿದರೆ ಮುಖ ಅಡಿಯಾಗಿ ಬೀಳುತ್ತಾಳೆ ಎಂದು ಅಕ್ಕ. ಮೊಣಕಾಲಿನವರೆಗೆ ಸಾಕು ಎಂದು ನಾನು. ಅಪ್ಪ ಗಡ್ಡ ಕೆರೆದುಕೊಂಡ. ಆಮೇಲೆ ಪರಕರದ ಎರಡೂ ಬದಿಗೆ ಮೇಲಿನಿಂದ ಕೆಳಗಿನವರೆಗೆ ಒಳಗಡೆ ಒಂದೊಂದು ಪಟ್ಟಿ ಹೊಲಿದು, ಅದರೊಳಗೆ ಸಪೂರ ಹಗ್ಗ ತೂರಿಸಿ, ಅಂಚಿಗೆ ಗಟ್ಟಿಯಾಗಿ ಬಿಗಿದ. ಇನ್ನೊಂದು ತುದಿ ಸೊಂಟದ ಹತ್ತಿರ ಹೊರಗೆ ಬಂತು. "ಗಾಳಿ ಜೋರಾದ್ರೆ ನಾವು ಹಾಯಿ ಸಣ್ಣ ಮಾಡ್ತೇವೆ, ಕಮ್ಮಿ ಆದ್ರೆ ಬಿಡ್ತೇವೆ. ಇದೂ ಹಾಗೇ ಮಗಾ. ಅಜ್ಜಿ ಎದುರಿಗೆ ಬಿಡು, ಓಡೂವಾಗ ಜಗ್ಗು" ಎಂದ. ನಾನು ಜಗ್ಗಿ ನೋಡಿದೆ. ನೆರಿಗೆ ಕಟ್ಟಿಕೊಂಡು ಅಂಚು ಮೊಣಕಾಲಿಗೆ ಏರಿತು. ಬಿಟ್ಟೆ, ಇಳಿಯಿತು. ಅಜ್ಜಿ ಮಾತ್ರ "ಎಂತ ಹುಚ್ಚೋ ಏನೋ" ಎಂದು ಗೊಣಗಿ, ಮುಖ ತಿರುಗಿಸಿಕೊಂಡು ಎಲೆಯಡಿಕೆ ಹಾಕಿಕೊಂಡಳು. ದೊಡ್ಡ ಗ್ಯಾದರಿಂಗಿಗೆ ಹಗ್ಗದ ಹುಡುಗಿ ಹೋದರೆ ಮಾನ ಹೋದೀತೆಂದು ಅವಳಿಗೆ ಭಯ. ಜನ ನಕ್ಕರೆ ನಾಳೆಯಿಂದ ಸೀರೆಯೇ ಎಂದು ಅವಳು ಖಂಡಿತವಾಗಿ ಹೇಳಿದಳು.

ಸಂಜೆಗೆ ಮುಂಚೆಯೇ ಶಾಲೆಯ ಬಯಲಿನಲ್ಲಿ ಜನ ಸೇರಿದರು. ತೆಂಗಿನ ಮಡಲು ಹೆಣೆದು ಹಾಕಿದ ಚಪ್ಪರದಡಿ ವೇದಿಕೆ ಇತ್ತು, ಅದರ ಪಡುವಣ ಬದಿ ಮಾತ್ರ ಬಯಲು. ಅಜ್ಜಿಯೂ ಅಕ್ಕನೂ ಆಯಿಯೂ ಹೆಂಗಸರ ಚಾಪೆಯಲ್ಲಿ ಮುಂದೆಯೇ ಕುಳಿತಿದ್ದರು. ಅಪ್ಪ ಹಿಂದೆ ಗಂಡಸರ ನಡುವೆ ನಿಂತಿದ್ದ. ನಾನು ಹಗ್ಗ ಬಿಟ್ಟು, ಪಾದ ಮುಚ್ಚಿದ ಪರಕರದಲ್ಲಿ ಬಹಳ ಗಂಭೀರವಾಗಿ ಬಂದು ನಿಂತೆ. ಅಜ್ಜಿಯ ಮುಖದಲ್ಲಿ ಸಮಾಧಾನ ಕಂಡಿತು.

ಕೋಲಾಟ ಶುರುವಾಯಿತು. ಮೊದಲ ಸುತ್ತು ಚೆನ್ನಾಗಿಯೇ ಆಯಿತು. ಎರಡನೆಯ ಸುತ್ತಿಗೆ ತಿರುಗಿದೆ ನೋಡಿ, ಸಮುದ್ರದ ಕಡೆಯಿಂದ ಗಾಳಿ ಬಂತು! ಅಪ್ಪ ಅಷ್ಟು ಧಾರಾಳವಾಗಿ ಬಿಟ್ಟಿದ್ದ ಸಡಿಲ ಆ ಗಾಳಿಯನ್ನೆಲ್ಲ ಹಿಡಿದುಕೊಂಡಿತು. ಪರಕರ ಬುಸ್ಸನೆ ಉಬ್ಬಿತು. ನಾನು ಎಡಕ್ಕೆ ಹೋಗಬೇಕೆಂದರೆ ಅದು ನನ್ನನ್ನು ಬಲಕ್ಕೆ ಎಳೆಯಿತು. ಪಕ್ಕದ ಹುಡುಗಿಯ ಕೋಲು ನನ್ನ ಪರಕರದೊಳಗೆ ಸಿಕ್ಕಿಕೊಂಡಿತು. ಜನ ಹೋ ಎಂದು ನಕ್ಕರು. ಅಜ್ಜಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕೋಲಾಟವೂ ಹೋಯಿತು, ಸಮುದ್ರದ ದಂಡೆಯೂ ಹೋಯಿತು ಎಂದು ನನ್ನ ಕಣ್ಣು ತುಂಬಿತು.

ಆಗ ಹಿಂದಿನಿಂದ, ಅಲೆಗಳ ಸದ್ದಿನ ಮೇಲೂ ಕೇಳುವಂಥ ಮಚವೆಯ ದನಿಯಲ್ಲಿ ಅಪ್ಪ ಕೂಗಿದ, "ಜಗ್ಗು ಹಗ್ಗ!"

ನನ್ನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. ಕೋಲುಗಳನ್ನು ಕಂಕುಳಲ್ಲಿ ಸಿಕ್ಕಿಸಿ, ಎರಡೂ ಹಗ್ಗ ಜಗ್ಗಿ ಗಂಟು ಹಾಕಿದೆ. ಪರಕರ ನೆರಿಗೆ ಕಟ್ಟಿಕೊಂಡು ಮೊಣಕಾಲಿಗೆ ಏರಿ ಸುಮ್ಮನಾಯಿತು. ಸಿಕ್ಕಿಕೊಂಡ ಕೋಲು ಟಕ್ ಎಂದು ಕೆಳಗೆ ಬಿತ್ತು. ಜನ ಈಗ ನಗುವುದನ್ನು ಬಿಟ್ಟು ಚಪ್ಪಾಳೆ ತಟ್ಟಿದರು. ಅಕ್ಕೋರು ಹಾಡನ್ನು ಮೊದಲಿನಿಂದ ಹಿಡಿದರು. ಆ ದಿನ ನಾನು ಕುಣಿದ ಹಾಗೆ ಮತ್ತೆಂದೂ ಕುಣಿದಿಲ್ಲ, ಅಷ್ಟು ಖುಷಿಯಾಗಿತ್ತು. ಇಳಿದು ಬಂದರೆ ಕೋಲಾಟದ ಹುಡುಗಿಯರೆಲ್ಲ ನನ್ನ ಹಗ್ಗ ಜಗ್ಗಿ ನೋಡುವುದಕ್ಕೆ ಮುತ್ತಿಕೊಂಡರು.

ಮನೆಗೆ ಬರುವಾಗ ಅಜ್ಜಿ ಎಲೆಯಡಿಕೆ ಜಗಿಯುತ್ತ ಮುಂದೆ ಮುಂದೆ ನಡೆದಳು. ನಾನು ಹಗ್ಗ ಬಿಚ್ಚಿ, ಪರಕರ ಇಳಿಸಿ, ಒಳ್ಳೆಯ ಹುಡುಗಿಯಂತೆ ಅವಳ ಹಿಂದೆ ಹಿಂದೆ ಬಂದೆ. ದಾರಿ ದಂಡೆಯ ಹತ್ತಿರ ಬಂತು. ಮರಳಿನ ಮೇಲೆ ಹೊಂಬಣ್ಣದ ಬಿಸಿಲು ಬಿದ್ದಿತ್ತು, ನನ್ನ ಗೆಳತಿಯರು ಆಗಲೇ ನೀರಿನ ಕಡೆ ಓಡುತ್ತಿದ್ದರು. ನಾನು ನಿಂತು ಅಜ್ಜಿಯ ಮುಖ ನೋಡಿದೆ. ಅವಳು ಎಲೆಯಡಿಕೆ ಉಗುಳಿ, ನನ್ನನ್ನು ಉದ್ದಕ್ಕೂ ಒಮ್ಮೆ ನೋಡಿ, "ಎಂತ ನೋಡ್ತಾ ನಿಂತೆ? ಹಗ್ಗ ಅದೆಯಲ್ಲ, ಜಗ್ಗು! ಓಡು!" ಎಂದಳು. ಅವಳ ತುಟಿಯ ತುದಿಯಲ್ಲಿ ನಗು ಇತ್ತು.

ಮೊನ್ನೆ ನಿಮ್ಮ ಜೊತೆ ಹೊನ್ನಾವರದ ದೊಡ್ಡ ಅಂಗಡಿಗೆ ಬಂದಿದ್ದೆನಲ್ಲ, ಆಗ ಇದೆಲ್ಲ ನೆನಪಾಯಿತು. ಗೋಡೆ ತುಂಬ ಬಟ್ಟೆ, ಕನ್ನಡಿ, ತಂಪು ಗಾಳಿ. ನಮ್ಮ ಕಾಲದ ಅಂಗಡಿಯವರು ಕಂಡರೆ ಬೆರಗಾಗುತ್ತಿದ್ದರು. ಆದರೂ ದೊಡ್ಡ ಮೊಮ್ಮಗಳು ಮುಖ ಸಣ್ಣದು ಮಾಡಿಕೊಂಡಿದ್ದಳು. ಒಂದು ಸಾಲಿನಲ್ಲಿ ಕರಡಿಮರಿಯ ಚಿತ್ರದ ಅಂಗಿಗಳು, "ಇದು ತಂಗಿಗೆ, ಅಜ್ಜಿ" ಎಂದಳು. ಇನ್ನೊಂದು ಸಾಲಿನಲ್ಲಿ ಮೈಗೆ ಅಂಟುವ, ಬೆನ್ನು ಬಿಟ್ಟ ಅಂಗಿಗಳು, "ಇದು ಅಮ್ಮನಿಗೂ ಆಗೂದಿಲ್ಲ" ಎಂದಳು. ಅಷ್ಟೆಲ್ಲ ಬಟ್ಟೆಯ ನಡುವೆ ನಡುವಿನವಳಿಗೆ ಈಗಲೂ ಏನೂ ಇರಲಿಲ್ಲ. ಕೊನೆಗೆ ಅವಳಿಗೆ ಹಿಡಿಸಿದ್ದು ಒಂದು ಉದ್ದ ಲಂಗ. ಅದರ ಎರಡೂ ಬದಿಗೆ ಚಂದದ ದಾರ ನೇತಾಡುತ್ತಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಂಗಡಿಯಲ್ಲೇ ಜಗ್ಗಿಬಿಟ್ಟೆ. ಏನೂ ಮೇಲೆ ಬರಲಿಲ್ಲ. ಬರಿಯ ಶೋಕಿಗೆ ಹೊಲಿದ ದಾರ ಅದು!

ಮನೆಗೆ ಬಂದು ನಾನೂ ಅವಳೂ ಕುಳಿತು ಒಳಗೆ ಪಟ್ಟಿ ಹೊಲಿದೆವು, ನಿಜವಾದ ಹಗ್ಗ ತೂರಿಸಿದೆವು. ಇವತ್ತು ಸಂಜೆ ಅವಳು ಅದನ್ನು ಹಾಕಿಕೊಂಡು ದಂಡೆಗೆ ಬಂದಳು. ನೀರಿನ ಹತ್ತಿರ ನಿಂತು, ಲಂಗ ಒದ್ದೆಯಾದೀತೆಂದು ನನ್ನ ಮುಖ ನೋಡಿದಳು. ನನ್ನ ಬಾಯಿಂದ ಅಪ್ಪನ ದನಿಯೇ ಬಂತು.

"ಜಗ್ಗು ಹಗ್ಗ!"