ಮದುಮಗನಿಲ್ಲದ ಮದುವೆ

ನಮ್ಮ ಅವ್ವನ ಹಣೆಯ ಮೇಲೆ ಜೀವಮಾನವೆಲ್ಲ ಇದ್ದದ್ದು ವಿಭೂತಿ ಮತ್ತು ಕುಂಕುಮ, ಎರಡೇ. ಆಕೆ ತೀರಿಹೋಗಿ ಇಷ್ಟು ವರ್ಷಗಳಾದ ಮೇಲೆ, ಹೋದ ಬೇಸಗೆಯಲ್ಲಿ, ಹಳೆಯ ವಿಡಿಯೋವೊಂದರಲ್ಲಿ ಅದೇ ಹಣೆಯ ಮೇಲೆ ಅಡ್ಡಡ್ಡವಾಗಿ ಒಂದು ಕಂಪನಿಯ ಹೆಸರು ಬಂದು ಕೂತಿತು. ಇದಕ್ಕೆ ವಾಟರ್‌ಮಾರ್ಕ್ ಎನ್ನುತ್ತಾರಂತೆ. ನೀರಿನಲ್ಲಿ ಬರೆದದ್ದು ಒರೆಸಿದರೆ ಹೋಗಬೇಕಲ್ಲವೆ? ಇದು ಹೋಗುವುದಿಲ್ಲ. ಹೋಗಬೇಕೆಂದರೆ ವರ್ಷ ವರ್ಷವೂ ದುಡ್ಡು ತುಂಬಬೇಕು. ತುಂಬುವುದನ್ನು ನಿಲ್ಲಿಸಿದರೆ ಮುಂದಿನ ಸಲ ಮತ್ತೆ ಬಂದು ಕೂಡುತ್ತದೆ. ದನಕ್ಕೆ ಬರೆ ಹಾಕುವುದನ್ನು ನೋಡಿದ್ದೇನೆ. ಬೇರೆಯವರ ತಾಯಿಯ ಹಣೆಗೆ ಮುದ್ರೆ ಒತ್ತಲು ಇವರಿಗೆ ಅಧಿಕಾರ ಕೊಟ್ಟವರು ಯಾರು?

ನಾನು ಇಂಡಿಯಲ್ಲಿರುವ ನಿವೃತ್ತ ಬಸ್ ಕಂಡಕ್ಟರ್. ಹೈಸ್ಕೂಲಿನವರೆಗೆ ಓದಿದವನು. ಇಂಥವನಿಗೆ ವಿಡಿಯೋ ಎಡಿಟಿಂಗ್ ಸಾಫ್ಟ್‌ವೇರಿನ ಉಸಾಬರಿ ಯಾಕೆ ಬೇಕಿತ್ತು ಎಂದು ನೀವು ಕೇಳಬಹುದು. ಮನೆಯಾಕೆ ದಿನವೂ ಕೇಳುತ್ತಿದ್ದಳು. ಕಾರಣ ನನ್ನ ತಂಗಿ ಶಾರದಾ. ಹೂವಿನ ಹಿಪ್ಪರಗಿಯಲ್ಲಿ ಅಂಗನವಾಡಿ ನಡೆಸುತ್ತ ಒಬ್ಬಳೇ ಇರುವವಳು. ಒಂದು ದಿನ ಫೋನಿನಲ್ಲಿ ಹೇಳಿದಳು: “ಅಣ್ಣಾ, ನನ್ನ ಮದುವಿ ಕ್ಯಾಸೆಟ್ ನಿನ್ನ ಹಂತ್ಯಾಕ ಐತೆಲ್ಲ, ಅದರಾಗ ಅವ್ವನ ದನಿ ಎಲ್ಲರೆ ಐತೇನ ನೋಡು. ಮಾರಿ ಫೋಟೋದಾಗ ಐತಿ. ದನಿ ಮರಿಯಾಕತ್ತೇನಿ.”

ಅವ್ವನ ದನಿಯನ್ನು ಹಿಡಿದಿಟ್ಟ ವಸ್ತು ಲೋಕದಲ್ಲಿ ಇನ್ನೊಂದಿಲ್ಲ. ತಾಂಬಾದ ನಮ್ಮ ಮನೆಯ ಅಂಗಳದಲ್ಲಿ ನಡೆದ ಮದುವೆ ಅದು. ಹಳೆಯ ಯಂತ್ರ ಇನ್ನೂ ತಿರುಗುವ ಸ್ಟುಡಿಯೋ ಬಸವನ ಬಾಗೇವಾಡಿಯಲ್ಲಿ ಸಿಕ್ಕಿತು. ಅವರು ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಇಳಿಸಿಕೊಟ್ಟರು. ಆ ಮದುವೆಯಲ್ಲಿ ಉಂಡವರೂ ಕೂತು ನೋಡಲಾರದಷ್ಟು ಉದ್ದ. ವಿಡಿಯೋ ತೆಗೆದವನು ಮೇಲೆ ಉದ್ದಕ್ಕೂ ಸಿನಿಮಾ ಹಾಡು ಮೆತ್ತಿದ್ದ. ಅಕ್ಕಿಕಾಳು ಬೀಳುವಾಗ ಪರದೆಯ ತುಂಬ ಗುಲಾಬಿ ತಿರುಗಿಸಿದ್ದ. ಇದನ್ನು ಸೋಸಬೇಕೆಂದು ನಾನು ಹೊರಟೆ.

ಅಂದಿನಿಂದ ನನ್ನ ರಕ್ತ ಕುದಿಯುವುದು ನಿಂತಿಲ್ಲ. ಒಂದು ಸಾಫ್ಟ್‌ವೇರ್ ತಿಂಗಳ ಬಾಡಿಗೆ ಕೇಳಿತು; ಬಾಡಿಗೆ ಮನೆಯಲ್ಲಾದರೂ ಮಳೆಗೆ ತಲೆ ನೆನೆಯುವುದಿಲ್ಲ, ಇಲ್ಲಿ ಏನಿದೆ? ಇನ್ನೊಂದು, ನಿಮ್ಮ ಚಿತ್ರವನ್ನು ನಮ್ಮ ಕ್ಲೌಡಿನಲ್ಲಿ, ಅಂದರೆ ಮೋಡದಲ್ಲಿ, ಇಡಿ ಎಂದಿತು. ಸ್ವಾಮಿ, ನಾವು ಈ ಸೀಮೆಯವರು, ಮೋಡವನ್ನು ನಂಬಿ ಬಿತ್ತಿ ಬುದ್ಧಿ ಕಲಿತವರು. ಮೊಬೈಲಿನದೊಂದು ನಾನು ಕೇಳದೆಯೇ ನಮ್ಮ ಅಪ್ಪನ ರುಮಾಲಿನ ಸುತ್ತ ಹೃದಯಗಳನ್ನು ಕುಣಿಸಿತು. ಮತ್ತೊಂದು ವಾರವಿಡೀ ನಗುನಗುತ್ತ ದುಡಿಸಿಕೊಂಡು, ಕೊನೆಗೆ ಸಿದ್ಧವಾದ ಚಿತ್ರವನ್ನು ಹೊರತೆಗೆಯುವ ‘ಎಕ್ಸ್‌ಪೋರ್ಟ್’ ಎಂಬ ಗುಂಡಿ ಒತ್ತಿದಾಗ ಕೈಯೊಡ್ಡಿತು. ಇಂಡಿಯಲ್ಲಿ ಎಕ್ಸ್‌ಪೋರ್ಟ್ ಎಂದರೆ ದ್ರಾಕ್ಷಿ ಹೊರದೇಶಕ್ಕೆ ಹೋಗುವುದು, ಬೆಳೆದವನಿಗೆ ನಾಲ್ಕು ಕಾಸು ಬರುವುದು. ನನ್ನ ತಂಗಿಯ ಮದುವೆ ನನ್ನದೇ ಮನೆಯ ಟೀವಿಗೆ ಬರಲು ಸುಂಕವೆ? ತುತ್ತು ಬಾಯಿಯ ಹತ್ತಿರ ಬಂದಾಗ ಕೈ ಹಿಡಿದು ತಡೆಯುವ ಅನ್ನದಾತರನ್ನು ನಾನು ಮೊದಲು ಕಂಡದ್ದು ಇಲ್ಲಿಯೇ.

ಸಿಟ್ಟಿನಿಂದ ಕಂಪ್ಯೂಟರ್ ಅಂಗಡಿಗೆ ಹೋದೆ. ಅಂಗಡಿಯವನು ಗುರುತಿನವನು.

“ಕಾಕಾರ, ತಲಿ ಕೆಡಿಸ್ಕೋಬ್ಯಾಡ್ರಿ. ಕ್ರ್ಯಾಕ್ ಮಾಡಿದ್ದು, ಕಳ್ಳ ಕಾಪಿ, ಹಾಕಿ ಕೊಡ್ತೇನಿ, ಯಾರೂ ಕೇಳಂಗಿಲ್ಲ.”

“ಟಿಕೆಟ್ ಇಲ್ದ ಕುಂತಾವ್ರೂ ಹಿಂಗ ಅಂತಿದ್ರು ತಮ್ಮಾ.”

“ಮತ್ತ ಏನ್ ಮಾಡ್ತಿದ್ರಿ?”

“ನಡು ದಾರಿಯಾಗ ಇಳಸ್ತಿದ್ದೆ.”

ಅವನು ನಕ್ಕ. “ಹಂಗಾರ ಪುಕ್ಕಟೆದ್ದು ಒಂದ ಐತ್ರಿ. ಮಾರ್ಕ್ ಇಲ್ಲ, ಬಾಡಿಗಿ ಇಲ್ಲ. ನೋಡಾಕ ಛಂದಿಲ್ಲ, ಕೆಲಸ ಮಾಡ್ತೈತಿ.”

“ಮೊದಲ ಯಾಕ ಹೇಳಲಿಲ್ಲೋ?”

“ಪುಕ್ಕಟೆ ಅಂದ್ರ ನೀವು ನಂಬತಿರಲಿಲ್ರಿ.”

ನಿಜ, ನಂಬುತ್ತಿರಲಿಲ್ಲ. ಯಾರೋ ಪುಣ್ಯಾತ್ಮರು ಸೇರಿ ಮಾಡಿ, ಬೇಕಾದವರು ಬಳಸಿರಿ ಎಂದು ಬಿಟ್ಟದ್ದಂತೆ, ದಾರಿಬದಿಯ ಅರವಟಿಗೆಯ ಹಾಗೆ. ಹೇಳಿದ್ದನ್ನು ಮಾಡುತ್ತದೆ, ಹೇಳದ್ದನ್ನು ಮಾಡುವುದಿಲ್ಲ. ಅಗ್ಗದ ಸಾಫ್ಟ್‌ವೇರ್ ಹುಡುಕುತ್ತಿರುವ ಓದುಗ ಮಿತ್ರರಿಗೆ ಇಂಥದನ್ನೇ ಹುಡುಕಿರೆಂದು ಧೈರ್ಯವಾಗಿ ಹೇಳುತ್ತೇನೆ. ಆದರೆ ಎಚ್ಚರ: ಇದರಲ್ಲಿ ಏನು ಕೆಟ್ಟರೂ ಬೈಯಲು ಯಾರೂ ಸಿಗುವುದಿಲ್ಲ.

ಇಲ್ಲಿಯವರೆಗೆ ನಾನು ಬೈದದ್ದೆಲ್ಲ ನ್ಯಾಯವೇ. ಮುಂದಿನದನ್ನು ತಲೆ ತಗ್ಗಿಸಿ ಬರೆಯಬೇಕಾಗಿದೆ.

ಚಲನಚಿತ್ರದವರು ಈ ಕೆಲಸಕ್ಕೆ ಸಂಕಲನ ಎನ್ನುತ್ತಾರೆ. ನಮ್ಮ ಸಾಲಿಯಲ್ಲಿ ಸಂಕಲನವೆಂದರೆ ಕೂಡಿಸುವುದು, ವ್ಯವಕಲನವೆಂದರೆ ಕಳೆಯುವುದು. ನಾನು ಮೊದಲನೆಯದರ ಹೆಸರಿನಲ್ಲಿ ಎರಡನೆಯದನ್ನು ಮಾಡಿದೆ. ಕಳೆದದ್ದು ಮದುಮಗನನ್ನು.

ಆತ ಮುದ್ದೇಬಿಹಾಳದ ಕಡೆಯವನು. ಮದುವೆಯಾಗಿ ಕೆಲವೇ ವರ್ಷಗಳಲ್ಲಿ ಶಾರದಾಳನ್ನು ಬಿಟ್ಟು ಸಿಂದಗಿಯಲ್ಲಿ ಇನ್ನೊಂದು ಸಂಸಾರ ಹೂಡಿದ. ಪರದೆಯ ಮೇಲೆ ಅವನ ಮೀಸೆ ಕಂಡದ್ದೇ ತಡ, ಕಂಪನಿಗಳ ಮೇಲಿದ್ದ ಸಿಟ್ಟೆಲ್ಲ ಅವನ ಮೇಲೆ ತಿರುಗಿತು. ನನ್ನ ತಂಗಿಯ ಬದುಕಿನಿಂದ ಹೋದವನು ಅವಳ ಟೀವಿಯಲ್ಲಿ ಯಾಕೆ ಇರಬೇಕು? ಅವನ ನಗೆ ಕಿವಿಗೆ ಬೀಳಬಾರದೆಂದು ಧ್ವನಿಯನ್ನು ಪೂರ್ತಿ ಮುಚ್ಚಿ, ಅವನಿದ್ದ ಭಾಗವನ್ನೆಲ್ಲ ಕಡಿದೆ. ಕಡಿಯಲಾಗದ ಕಡೆ ಚೌಕಟ್ಟನ್ನೇ ಕಿರಿದು ಮಾಡಿ ಅವನನ್ನು ಆಚೆ ನೂಕಿದೆ. ಇಷ್ಟು ಸುಖದ ಕೆಲಸವನ್ನು ನಾನು ನಿವೃತ್ತನಾದ ಮೇಲೆ ಮಾಡಿರಲಿಲ್ಲ. ಅವ್ವನ ದನಿಯ ಮಾತು? ತೆರೆದು ನೋಡಿದ ಮೊದಲ ಭಾಗದಲ್ಲೆಲ್ಲ ಬರೀ ಹಾಡಿತ್ತು; ಉಳಿದದ್ದೂ ಹಾಗೆಯೇ ಇದ್ದೀತೆಂದು ಮನಸ್ಸಿಗೆ ಹೇಳಿಕೊಂಡೆ.

ಪೆನ್‌ಡ್ರೈವನ್ನು ಕಿಸೆಯಲ್ಲಿಟ್ಟುಕೊಂಡು ಹೂವಿನ ಹಿಪ್ಪರಗಿಗೆ ಹೋದೆ. ಶಾರದಾ ಚಹಾ ಕೊಟ್ಟು ಟೀವಿಯ ಮುಂದೆ ಕೂತಳು. ಚಿತ್ರ ಬೇಗ ಮುಗಿದುಹೋಯಿತು.

“ಅವ್ವ ಎಲ್ಲಿ?” ಎಂದಳು.

ನಾನು ಚಿತ್ರವನ್ನು ಹಿಂದಕ್ಕೆ ಓಡಿಸಿ, ಬಾಗಿಲಲ್ಲಿ ಅವ್ವ ನಿಂತದ್ದನ್ನು ತೋರಿಸಿದೆ.

“ಇಷ್ಟನ? ಮದುವಿ ತುಂಬ ಅಡ್ಡಾಡಿದಾಕಿ, ಇಷ್ಟನ?”

ಆಗ ಹೊಳೆಯಿತು. ಮದುವೆಯ ದಿನ ಅತ್ತೆಯಾದವಳು ಅಳಿಯನ ಹತ್ತಿರ ಇರದೆ ಇನ್ನೆಲ್ಲಿರುತ್ತಾಳೆ? ಅವನಿಗೆ ಆರತಿ ಬೆಳಗಿದವಳು ಅವ್ವ, ಅವನ ಪಾದಕ್ಕೆ ನೀರೆರೆದವಳು ಅವ್ವ, ಅವನ ಎಲೆಗೆ ತುಪ್ಪ ಬಡಿಸಿದವಳು ಅವ್ವ. ಅವನನ್ನು ಕಡಿಯುತ್ತ ಹೋದ ನನ್ನ ಕತ್ತರಿ ಪ್ರತಿಯೊಂದು ಕಡೆಯೂ ಅವಳನ್ನೂ ಕಡಿದಿತ್ತು.

ಮತ್ತೆ ಓಡಿಸಿದಾಗ ಶಾರದಾ ಒಂದು ದೃಶ್ಯದ ಹತ್ತಿರ ನಿಲ್ಲಿಸಲು ಹೇಳಿದಳು. ಮದುಮಕ್ಕಳು ಸಾಲಾಗಿ ನಿಂತಾಗ, ಹಿರಿಯಣ್ಣನೆಂಬ ಜಂಬದಲ್ಲಿ, ಅವರಿಬ್ಬರ ನಡುವೆ ನಾನೇ ಹೋಗಿ ನಿಂತಿದ್ದೆ. ಈಗ ಒಂದು ಬದಿಗೆ ಶಾರದಾ ಇದ್ದಾಳೆ. ಇನ್ನೊಂದು ಬದಿಗೆ ನನ್ನ ತೋಳು ಚಾಚಿ ಚೌಕಟ್ಟಿನಾಚೆ ಹೋಗಿ ಮಾಯವಾಗಿದೆ.

“ಯಾರ ಹೆಗಲ ಮ್ಯಾಲೆ ಕೈ ಹಾಕೀದಿ ಅಣ್ಣಾ?” ಎಂದು ನಕ್ಕಳು. ನಗುವು ಹಾಗೆಯೇ ಇಳಿಯಿತು. “ನನ್ನ ಸಲುವಾಗಿ ಕಡದಿ ಅನಬ್ಯಾಡ. ಆತನ್ನ ನಾ ಯಾವಾಗೋ ಮರ್ತೇನಿ. ಸಂಬಂಧ ತಂದಾವ ನೀ. ಮರಿಯಾಕ ಆಗವಲ್ದು ನಿನಗ.”

ಹೌದು, ತಂದವನು ನಾನು. ಮುದ್ದೇಬಿಹಾಳದ ಬಸ್ಸಿನಲ್ಲಿ ಅವನು ದಿನವೂ ಹತ್ತುತ್ತಿದ್ದ, ದಿನವೂ ಸರಿಯಾದ ಚಿಲ್ಲರೆ ಕೊಡುತ್ತಿದ್ದ. ಚಿಲ್ಲರೆಯ ಜಗಳದಲ್ಲಿ ಗಂಟಲು ಹರಿದುಕೊಂಡ ಕಂಡಕ್ಟರನಿಗೆ ಅದಕ್ಕಿಂತ ದೊಡ್ಡ ಸದ್ಗುಣ ಯಾವುದು? ನಾನು ಬೇರೇನನ್ನೂ ವಿಚಾರಿಸಲಿಲ್ಲ. ಆ ಹುಡುಗ ಸುಮ್ಮಸುಮ್ಮನೆ ಜಾಸ್ತಿ ನಗ್ತಾನಪ್ಪಾ ಎಂದು ಅವ್ವ ಅಂದಾಗ, ನಿನಗೇನು ತಿಳಿಯುತ್ತದೆ ಎಂದು ಗದರಿಸಿದೆ. ಇದನ್ನು ಶಾರದಾಳಿಗೆ ಅಲ್ಲಿಯ ತನಕ ಹೇಳಿರಲಿಲ್ಲ. ಅಂದು ಹೇಳಿದೆ.

ಅವಳು ಚಹಾದ ಖಾಲಿ ಬಟ್ಟಲುಗಳನ್ನು ಒಳಗೆ ಇಟ್ಟು ಬಂದಳು. ಆಮೇಲೆ, “ಪೂರ್ತಿದು ಐತೇನು? ಹಾಕು,” ಎಂದಳು.

ಅದೂ ಅದೇ ಪೆನ್‌ಡ್ರೈವಿನಲ್ಲಿತ್ತು. ಹಾಕಿದೆ. ಮದುಮಗ ಬಂದ. “ಎಷ್ಟ ಸಣ್ಣಾಂವ ಇದ್ದ,” ಎಂದಳು, ನೆರೆಮನೆಯ ಹುಡುಗನ ಬಗ್ಗೆ ಹೇಳುವಂತೆ. ಆರತಿ ಬಂತು, ಹಾಡು. ಕಾಲು ತೊಳೆದರು, ಹಾಡು. ಊಟದ ಪಂಕ್ತಿ ಬಂತು. ಮದುಮಗನ ಪಕ್ಕದಲ್ಲಿ ನಾನು ಕೂತಿದ್ದೇನೆ, ತೋಳು ಮತ್ತೆ ಅವನ ಹೆಗಲ ಮೇಲೆ. ಅವ್ವ ತುಪ್ಪದ ಗಿಂಡಿ ಹಿಡಿದು ಬಾಗಿದಳು. ಅಷ್ಟರಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ನಡುವೆ ಸಣ್ಣ ಸಂದು ಬಿದ್ದಿತ್ತು. ಆ ಸಂದಿನಲ್ಲಿ, ಎಲೆಗಳ ಸಪ್ಪಳದ ಮೇಲೆ, ಅವ್ವ ಮಾತಾಡಿದಳು.

“ಏ ಬಸ್ಯಾ, ಹೆಗಲ ಮ್ಯಾಲಿನ ಕೈ ತಗಿಯೋ. ಅಳಿಯಾ ಉಣ್ಣಬೇಕೋ ಬ್ಯಾಡೋ?”

ಶಾರದಾ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅವ್ವ ಬಿಟ್ಟುಹೋದ ಮಾತು ಅಷ್ಟೇ. ಬೈದದ್ದು ನನ್ನನ್ನು; ಬಾಯಿ ಮುಚ್ಚಿಸಿ ಕಡಿದವನೂ ನಾನೇ.

“ಮತ್ತ ಹಾಕು,” ಎಂದಳು.

ಹಾಕಿದೆ. ಮತ್ತೆ ಹಾಕಿದೆ. ಆಮೇಲೆ ರಿಮೋಟನ್ನು ತಾನೇ ಇಸಿದುಕೊಂಡಳು. ಪ್ರತಿ ಸಲವೂ ಅವ್ವ ಬಾಗುತ್ತಾಳೆ, ಗದರಿಸುತ್ತಾಳೆ. ರುಮಾಲು ಸುತ್ತಿದ ಆ ಅಣ್ಣ ತಲೆ ಎತ್ತಿ ನಗುತ್ತಾನೆ. ಕೈ ಹಾಗೆಯೇ ಇದೆ. ಅಷ್ಟರಲ್ಲಿ ಹಾಡು ಹತ್ತಿಕೊಂಡು, ಕ್ಯಾಮೆರಾ ಹೋಳಿಗೆಯ ಬುಟ್ಟಿಯ ಕಡೆ ಹೊರಳಿಬಿಡುತ್ತದೆ.

“ಕೈ ತಗದ್ಯೋ ಇಲ್ಲೋ?” ಎಂದು ಶಾರದಾ ಕೇಳಿದಳು.

“ನೆನಪಿಲ್ಲ ತಂಗಿ.”

ಅವಳು ನನ್ನತ್ತ ತಿರುಗಲಿಲ್ಲ. ಗುಂಡಿ ಒತ್ತಿದಳು, ಅವ್ವ ತುಪ್ಪದ ಗಿಂಡಿ ಹಿಡಿದು ಮತ್ತೆ ಬಾಗಿದಳು.