ಇಸ್ತ್ರಿ ಕಾಯುವ ತನಕ ಒಂದು ‘ಗೆಟ್’

ಹೊರಗೆ ಬೆಳಕು ಹರಿಯುತ್ತಿದೆ. ಒಳಗೆ ಅದು ತಿಳಿಯುವುದಿಲ್ಲ. ದೊಡ್ಡ ಹೋಟೆಲಿನ ಈ ನೆಲಮಾಳಿಗೆಗೆ ಕಿಟಕಿಯೇ ಇಲ್ಲ. ಇಲ್ಲಿ ಬೆಳಗಾಯಿತೆಂದು ಸಾರುವುದು ಇಸ್ತ್ರಿ ಯಂತ್ರ. ಇಸ್ತ್ರಿ ಅಕ್ಕ ಸ್ವಿಚ್ ಒತ್ತಿದೊಡನೆ ಉದ್ದನೆಯ ಉರುಳೆಯ ಆ ಹಳೆಯ ಯಂತ್ರ ಒಮ್ಮೆ ಕೆಮ್ಮುತ್ತದೆ, ಮೈ ನಡುಗಿಸುತ್ತದೆ, ಆಮೇಲೆ ಒಲ್ಲದ ಮನಸ್ಸಿನಿಂದ ನಿಧಾನವಾಗಿ ಕಾಯತೊಡಗುತ್ತದೆ. ಅದು ಕಾಯುವ ತನಕ ಯಾರಿಗೂ ಕೆಲಸವಿಲ್ಲ. ಹೆಂಗಸರು ಒಗೆದ ಬೆಡ್‌ಶೀಟಿನ ಗಂಟುಗಳ ಮೇಲೆ ಕೂರುತ್ತಾರೆ. ಅಕ್ಕನ ಇಂಗ್ಲಿಷ್ ಪಾಠ ಶುರುವಾಗುತ್ತದೆ.

ಅಕ್ಕ ಒಂದು ಕರವಸ್ತ್ರವನ್ನು ಬಕೆಟ್ಟಿನಲ್ಲಿ ಅದ್ದಿ, ಮುಂದಿನ ಗಂಟಿನ ಮೇಲೆ ಕೂತ ತನ್ನ ವಾರಗಿತ್ತಿಯ ನೆತ್ತಿಯ ಮೇಲೆ ಹಿಂಡುತ್ತಾಳೆ.

“ಅಯ್ಯೋ ಅಕ್ಕಾ! ಬೆಳಿಗ್ಗೆ ಬೆಳಿಗ್ಗೆ ನೀರು ಹೊಯ್ಯೋಕೆ ನಾನೇನು ಗಿಡಾನಾ?”

“ಬಯ್ಯೋದಾದ್ರೆ ಇಂಗ್ಲಿಷಲ್ಲಿ ಬಯ್ಯಿ. ಐ ಗಾಟ್ ವೆಟ್.”

“ಐ ಗಾಟ್ ವೆಟ್! ನಿಮ್ಮಿಂದ!” ವಾರಗಿತ್ತಿ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾಳೆ. “ಅಲ್ಲಕ್ಕಾ, ಮೊನ್ನೆ ಗೆಟ್ ಅಂದ್ರೆ ತಗೊಂಡು ಬಾ ಅಂದ್ರಿ. ನಿನ್ನೆ ಅದೇ ಗೆಟ್ ಮನೆ ಸೇರೋದು ಆಯ್ತು. ಇವತ್ತು ನೆನೆಯೋದು. ಒಂದು ಮಾತಿಗೆ ಇಷ್ಟು ದೊಡ್ಡ ಸಂಸಾರಾನಾ?”

“ನೀನು ಮದುವೆಯಾಗಿ ನಮ್ಮನೆಗೆ ಬಂದಾಗ ಎಲ್ಲರನ್ನೂ ಒಂದೇ ದಿನ ಗುರುತು ಹಿಡಿದ್ಯಾ? ಒಬ್ಬರು ಅಡುಗೆಮನೇಲಿ ಸಿಕ್ಕಿದ್ರು, ಒಬ್ಬರು ಹಿತ್ತಲಲ್ಲಿ. ಹಾಗೇ ಇದೂ. ದಿನಕ್ಕೊಬ್ಬರ ಪರಿಚಯ ಮಾಡ್ಕೋ ಸಾಕು.”

ಅಷ್ಟರಲ್ಲಿ ಅಕ್ಕ ಬೆರಳದ್ದಿ ಉರುಳೆಯ ಮೇಲೆ ನೀರು ಚಿಮುಕಿಸುತ್ತಾಳೆ. ಚುಂಯ್ ಎನ್ನುತ್ತದೆ. ಯಂತ್ರ ಕಾದಿದೆ, ಪಾಠ ಮುಗಿದಿದೆ. ಎಲ್ಲರೂ ಗಂಟು ಬಿಚ್ಚಲು ಏಳುತ್ತಾರೆ.

ಇಂಗ್ಲಿಷಿನಲ್ಲಿ ಸಾವಿರಾರು ಕ್ರಿಯಾಪದಗಳಿವೆ. ಅಕ್ಕ ಕಲಿಸುವುದು ಇದೊಂದನ್ನೇ. ಬೇರೆಯವು ಬೇಡವೇ ಎಂದರೆ ಬೆರಳ ತುದಿಯ ಸುಟ್ಟ ಕಲೆ ನೋಡಿಕೊಳ್ಳುತ್ತಾ ನಗುತ್ತಾಳೆ. “ಎಲ್ಲಾ ಕಲಿಸೋಷ್ಟು ನನಗೆಲ್ಲಿ ಬರುತ್ತೆ? ಬಾಯಿ ತೆರೆಯೋಕೆ ಹೆದರೋರಿಗೆ ಹಿಡ್ಕೊಳ್ಳೋಕೆ ಒಂದು ಬೇಕು, ಅಷ್ಟೇ. ಇದನ್ನ ಹಿಡ್ಕೊಂಡ್ರೆ ಅರ್ಧ ದಿನ ಕಳೀಬಹುದು.”

ಅವಳಿಗೆ ಇದನ್ನು ಹಿಡಿಸಿದವರು ಒಬ್ಬ ಅಜ್ಜಿ. ಹೋಟೆಲಿಗೆ ಸೇರುವ ಮುಂಚೆ ಅಕ್ಕ ಹಾಸಿಗೆ ಹಿಡಿದ ಆ ಅಜ್ಜಿಯ ಆರೈಕೆಗೆ ಇದ್ದಳು. ಅಜ್ಜಿಗೆ ಇಂಗ್ಲಿಷ್ ಬಿಟ್ಟರೆ ಬೇರೆ ಭಾಷೆ ಇಲ್ಲ, ಅಕ್ಕನಿಗೆ ಇಂಗ್ಲಿಷಿನ ಗಂಧವಿಲ್ಲ. ಉಸಿರು ಸಾಲದ ಅಜ್ಜಿ ಉದ್ದುದ್ದ ಮಾತಾಡುತ್ತಿರಲಿಲ್ಲ. ಎಲ್ಲಕ್ಕೂ ಗೆಟ್ ಒಂದೇ. ದಿಂಬು ತರುವುದಕ್ಕೂ ಅದೇ, ಚಳಿಯಾದರೂ ಅದೇ, ಹೇಳಿದ್ದು ತಿಳಿಯಿತೇ ಎಂದು ಕೇಳಲೂ ಅದೇ. ಅಕ್ಕ ಮುಖ ನೋಡಿ ಅರ್ಥ ಮಾಡಿಕೊಂಡಳು.

“ಒಂದಿನ ‘ಗೆಟ್ ಮಿ ಔಟ್’ ಅಂದ್ರು. ಔಟ್ ಅನ್ನೋದು ಸಿನಿಮಾದಲ್ಲಿ ಕೇಳಿದ್ದೆ. ಕೆಲಸದಿಂದ ತೆಗೆದ್ರು ಅಂದ್ಕೊಂಡು ಬ್ಯಾಗ್ ತಗೊಂಡು ಹೊರಟೇಬಿಟ್ಟೆ. ಬಾಗಿಲ ಹತ್ರ ತಿರುಗಿ ನೋಡ್ತೀನಿ, ಅಜ್ಜಿ ನನ್ನ ನೋಡ್ತಾ ಇಲ್ಲ. ಕಿಟಕಿ ನೋಡ್ತಾ ಇದ್ದಾರೆ. ಅಲ್ಲಿ ಬಿಸಿಲು ಬಿದ್ದಿತ್ತು. ಬ್ಯಾಗ್ ಇಟ್ಟು ಅವರನ್ನ ಎತ್ತಿಕೊಂಡು ಹೋಗಿ ಬಿಸಿಲಲ್ಲಿ ಕೂರಿಸಿದೆ. ಕೈ ಹಿಡ್ಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.”

ಅಂದು ಕಲಿತದ್ದೇ ಅವಳ ಪಾಠದ ಕ್ರಮ. ಅರ್ಥ ಹೇಳುವುದಿಲ್ಲ, ಮಾಡಿ ತೋರಿಸುತ್ತಾಳೆ. ಕಲಿತವರು ಊಟದ ಹೊತ್ತಿನೊಳಗೆ ಅದನ್ನು ಮೇಲ್ವಿಚಾರಕರ ಮೇಲೆ ಪ್ರಯೋಗಿಸಬೇಕು. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವರಿಗೆ ಹೆಂಗಸರು ‘ಗಡಿಯಾರ’ ಎಂದೇ ಹೆಸರಿಟ್ಟಿದ್ದಾರೆ. ಒಂದೇ ಬೆಳಿಗ್ಗೆ ಸಾಲಾಗಿ ಎಲ್ಲರೂ ಬಂದು “ಸಾರ್, ಡೋಂಟ್ ಗೆಟ್ ಆಂಗ್ರಿ” ಎಂದಾಗ, ಕೋಪವೇ ಬಂದಿರದ ಅವರಿಗೆ ನಿಜವಾಗಿಯೂ ಕೋಪ ಬಂದಿತ್ತಂತೆ.

ಇಷ್ಟೆಲ್ಲ ಏಕೆಂದರೆ, ಮಹಡಿಗಳಲ್ಲಿ ಕಿಟಕಿಗಳಿವೆ. ಅತಿಥಿಗಳ ಕೋಣೆಯ ಕೆಲಸಕ್ಕೆ ಹೋಗಬೇಕಾದರೆ ನಾಲ್ಕು ಮಾತು ಇಂಗ್ಲಿಷ್ ಬರಬೇಕು. ಅಕ್ಕನ ಗಂಟುಗಳ ಮೇಲೆ ಕೂತು ಕಲಿತ ಕೆಲವರು ಈಗಾಗಲೇ ಮೇಲೆ ಹೋಗಿದ್ದಾರೆ. ಈ ತಿಂಗಳ ಕೊನೆಗೆ ಮಹಡಿಯ ಮೇಡಂ ಮುಂದೆ ಸಂದರ್ಶನಕ್ಕೆ ನಿಲ್ಲಬೇಕಾದವಳು ವಾರಗಿತ್ತಿ. ಮನೆಯಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಇವಳು ಅಪರಿಚಿತರ ಮುಂದೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಾಳೆ. “ಮಳೆ ಬಂದಿದ್ದು ಮನೆಗೆ ಹೋಗೋವಾಗ ರಸ್ತೆ ಒದ್ದೆಯಾಗಿರೋದು ನೋಡಿ ಗೊತ್ತಾಗುತ್ತೆ ನನಗೆ. ಬರ್ತಾ ಇರೋವಾಗಲೇ ಒಂದ್ಸಲ ನೋಡ್ಬೇಕು,” ಎನ್ನುತ್ತಾಳೆ.

ಆದರೆ ನಾಳೆ ಹಳೆಯ ಯಂತ್ರ ಹೋಗುತ್ತದೆ. ಹೊಸದು ಸ್ವಿಚ್ ಒತ್ತಿದ ಕೂಡಲೇ ಕಾಯುತ್ತದಂತೆ. ಎಲ್ಲರಿಗೂ ಖುಷಿ, ಅಕ್ಕನಿಗೂ. “ಸೊಂಟ ನೋವು ಕಮ್ಮಿ ಆಗುತ್ತೆ, ಒಳ್ಳೇದೇ. ಆದ್ರೆ ನಮ್ಮ ಪಾಠ ಯಾವಾಗ?” ಬೇಗ ಬರೋಣವೆಂದರೆ ಇವರು ಬರುವುದೇ ಮೊದಲ ಬಸ್ಸಿನಲ್ಲಿ. ಕೆಲಸ ಮುಗಿದ ಮೇಲೆ ನಿಲ್ಲೋಣವೆಂದರೆ ಮನೆಯಲ್ಲಿ ಮಕ್ಕಳು, ಒಲೆ, ಅತ್ತೆಯ ಮಾತ್ರೆ. ಇಡೀ ದಿನದಲ್ಲಿ ಇವರದೆಂದು ಇದ್ದದ್ದು ಯಂತ್ರ ಕಾಯುವ ಹೊತ್ತು ಮಾತ್ರ.

ಹೊಸ ಯಂತ್ರದ ಮೊದಲ ಬೆಳಿಗ್ಗೆ ಗಡಿಯಾರ ಸಾರ್ ತಾವೇ ಸ್ವಿಚ್ ಒತ್ತುತ್ತಾರೆ. ಹೆಂಗಸರು ಅಭ್ಯಾಸಬಲದಿಂದ ಗಂಟುಗಳ ಮೇಲೆ ಕೂತು, ಸರಿಯಾಗಿ ಊರುವಷ್ಟರಲ್ಲಿ ಏಳುತ್ತಾರೆ. ಯಂತ್ರ ಕಾದಾಗಿದೆ. ಅಕ್ಕ ಕೈಯಲ್ಲಿದ್ದ ಒದ್ದೆ ಕರವಸ್ತ್ರವನ್ನು ಬಕೆಟ್ಟಿಗೆ ಹಾಕಿ, ಏನೂ ಆಗದವಳ ಹಾಗೆ ಮೊದಲ ಶೀಟನ್ನು ಉರುಳೆಗೆ ಕೊಡುತ್ತಾಳೆ.

ಶೀಟುಗಳು ಒಂದರ ಹಿಂದೊಂದು ಬಿಸಿಬಿಸಿಯಾಗಿ ಹೊರಬೀಳುತ್ತವೆ. ಮಡಚಲು ಇಬ್ಬರು ಬೇಕು. ತಲಾ ಎರಡು ಮೂಲೆ ಹಿಡಿದು ದೂರ ಸರಿದು ಬಿಗಿಯಾಗಿ ಎಳೆಯಬೇಕು, ಮತ್ತೆ ನಡೆದುಬಂದು ಕೈಗೆ ಕೈ ಸೇರಿಸಬೇಕು. ಆ ಸಮೀಪ ಬರುವ ಗಳಿಗೆ ಮೊದಲಿನಿಂದಲೂ ಮನೆಸುದ್ದಿಗೆ ಮೀಸಲು. ಅಕ್ಕ, ವಾರಗಿತ್ತಿ ಒಟ್ಟಿಗೆ ಮಡಚಿದರೆ ಅತ್ತೆಯ ಮಂಡಿನೋವಿನಿಂದ ಹಿಡಿದು ಮೈದುನನ ಗೊರಕೆಯವರೆಗೆ ಎಲ್ಲವೂ ಮಡಿಕೆ ಸೇರುತ್ತದೆ.

ಇವತ್ತು ವಾರಗಿತ್ತಿ ನಡೆದುಬಂದು, ಅಕ್ಕನ ಕೈಗೆ ಮೂಲೆ ಕೊಡುತ್ತಾ, ಮೆಲ್ಲಗೆ ಕೇಳುತ್ತಾಳೆ. “ಡಿಡ್ ಯು ಗೆಟ್ ದ ಕಾರ್ನರ್?”

ಅಕ್ಕ ತಬ್ಬಿಬ್ಬಾಗುತ್ತಾಳೆ. ವಾರಗಿತ್ತಿ ಆಗಲೇ ಮುಂದಿನ ಶೀಟು ಹಿಡಿದು ದೂರ ಸರಿದಿದ್ದಾಳೆ. ಎಳೆದು, ಕೊಡವಿ, ಮತ್ತೆ ಎದುರು ಬಂದಾಗ ಅಕ್ಕ ಹೇಳುತ್ತಾಳೆ, “ಐ ಗಾಟ್ ಇಟ್.”

“ಮತ್ತೆ ಕೇಳಿ. ಈಗ ನಿಮ್ಮ ಸರದಿ.”

ಹತ್ತಿರ ಬಂದಾಗ ಪ್ರಶ್ನೆ, ದೂರ ಹೋಗುವಾಗ ಯೋಚನೆ, ಮತ್ತೆ ಹತ್ತಿರ ಬಂದಾಗ ಉತ್ತರ. ಪಕ್ಕದ ಮೇಜಿನ ಜೋಡಿ ಇದನ್ನು ಕದ್ದು ಕೇಳಿ ತಾನೂ ಶುರು ಮಾಡುತ್ತದೆ. ತುಸು ಹೊತ್ತಿನಲ್ಲಿ ಮಡಚುವ ಮೇಜುಗಳ ತುಂಬ ಗೆಟ್ಟೋ ಗೆಟ್ಟು. ಗಡಿಯಾರ ಸಾರ್ ಓಡಿಬರುತ್ತಾರೆ.

“ಏನ್ರಮ್ಮಾ, ಜಗಳಾನಾ?”

ಎಲ್ಲರೂ ಅಕ್ಕನತ್ತ ನೋಡುತ್ತಾರೆ. ಅಕ್ಕ ವಾರಗಿತ್ತಿಯತ್ತ ನೋಡುತ್ತಾಳೆ. ವಾರಗಿತ್ತಿ ಶೀಟಿನ ಮೂಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿ ಬಿಡುತ್ತಾಳೆ. “ನೋ ಸಾರ್. ವಿ ಆರ್ ಗೆಟಿಂಗ್ ಆನ್ ವೆಲ್.”

ಅವರು ಕೈಗಡಿಯಾರ ನೋಡುತ್ತಾರೆ, ಮಡಚಿಟ್ಟ ಶೀಟಿನ ರಾಶಿ ನೋಡುತ್ತಾರೆ. ರಾಶಿ ನಿನ್ನೆಗಿಂತ ಎತ್ತರವಾಗಿಯೇ ಇದೆ. “ಗುಡ್. ಗೆಟ್ ಬ್ಯಾಕ್ ಟು ವರ್ಕ್,” ಎಂದು ಗಂಭೀರವಾಗಿ ಹೊರಡುತ್ತಾರೆ.

“ಅಕ್ಕಾ, ಈ ಗೆಟ್ ಬ್ಯಾಕ್ ಹೊಸದು! ಇದನ್ನ ನೀವು ಹೇಳೇ ಇರಲಿಲ್ಲ!” ಎನ್ನುತ್ತಾಳೆ ವಾರಗಿತ್ತಿ.

“ಅದು ನಾಳೆಯ ಪಾಠ ಆಗಿತ್ತು ಕಣೆ. ಸಾರ್ ಮುಂಚೆನೇ ಹೇಳಿಬಿಟ್ರು.”

ಒಬ್ಬಳಿಗೆ ಮಾತ್ರ ಸಮಾಧಾನವಿಲ್ಲ. ಮಡಚೋವಾಗಲೂ ಪಾಠವಾದರೆ ಮನೆಸುದ್ದಿ ಎಲ್ಲಿ ಮಾತಾಡುವುದು? ಅದನ್ನೂ ಇಂಗ್ಲಿಷಿನಲ್ಲೇ ಹೇಳು ಎನ್ನುತ್ತಾಳೆ ಅಕ್ಕ. “ಅತ್ತೆ ಗಾಟ್ ಆಂಗ್ರಿ,” ಎಂದು ಅವಳು ತಟ್ಟನೆ ಹೇಳಿದ ಮೇಲೆ ನೆಲಮಾಳಿಗೆಯಲ್ಲಿ ನಗುವಿನ ಅಬ್ಬರಕ್ಕೆ ಯಂತ್ರದ ಸದ್ದು ಸ್ವಲ್ಪ ಹೊತ್ತು ಕೇಳಿಸುವುದಿಲ್ಲ.

ವಾರಗಿತ್ತಿ ಮೇಲೆ ಹೋದರೆ ಮಡಚಲು ಜೊತೆ ಯಾರು ಎಂಬುದೊಂದೇ ಈಗ ಅಕ್ಕನ ಚಿಂತೆ. ಹೊಸಬಳು ಬರುತ್ತಾಳೆ, ಮೊದಲ ದಿನ ಮೂಲೆ ಹಿಡಿಯಲೂ ಬಾರದು, ಮತ್ತೆ ಮೊದಲಿಂದ ಶುರು. ಬೇಸರವಾಗುವುದಿಲ್ಲವೇ?

“ಬೇಸರ ಯಾಕೆ?” ಅಕ್ಕ ಬಿಸಿ ಶೀಟನ್ನು ಮೊಳಕೈ ಮೇಲೆ ಹಾಕಿಕೊಂಡು ಕಣ್ಣಲ್ಲೇ ಮೇಲೆ ತೋರಿಸುತ್ತಾಳೆ. “ನಾವು ಮಡಚಿ ಕಳಿಸಿದ ಶೀಟು ದಿನಾ ಕೊಳೆಯಾಗಿ ವಾಪಸ್ ಬರುತ್ತೆ. ನಾನು ಕಳಿಸಿದ ಹುಡುಗೀರು ಮಾತ್ರ, ಊಟದ ಹೊತ್ತು ಬಿಟ್ರೆ, ಒಬ್ಬಳೂ ಕೆಳಗೆ ಬಂದಿಲ್ಲ.”